‘ಟ್ವೆಲ್ವ್ ಆಂಗ್ರಿ ಮೆನ್’: ಪ್ರತ್ಯಕ್ಷಸಾಕ್ಷ್ಯವೂ ಅನ್ಯತ್ರವಾಸವೂ

ರೆಜಿನಾಲ್ಡ್ ರೋಸ್ 1954ರಲ್ಲಿ ಟೆಲಿವಿಷನ್ನಿಗಾಗಿ ಬರೆದ ಈ ನಾಟಕವು 1957ರಲ್ಲಿ ಸಿಡ್ನಿ ಲ್ಯುಮೆಟನ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಪೂರ್ವಗ್ರಹವನ್ನು ವಿವೇಕವು ಗೆದ್ದ ಕಥೆಯೆಂದು ಇದನ್ನು ಹೊಗಳುವುದು ವಾಡಿಕೆ. ಆ ಹೊಗಳಿಕೆಯನ್ನು ನಾವು ಅಲ್ಲಗಳೆಯುವುದಿಲ್ಲವಾದರೂ, ಕೃತಿಯ ಸತ್ತ್ವವನ್ನು ಅದು ಮುಟ್ಟುವುದಿಲ್ಲವೆಂದು ನಮ್ಮ ಭಾವನೆ.

ತಂದೆಯನ್ನು ಇರಿದು ಕೊಂದನೆಂಬ ಆರೋಪಕ್ಕೆ ಗುರಿಯಾದ 18 ವರ್ಷದ ಹುಡುಗನೊಬ್ಬನ ಪ್ರಾಣ ಇಲ್ಲಿ ಪಣವಾಗಿದೆ. ಎದುರು ಮನೆಯ ಹೆಂಗಸು, ನಡುವೆ ಹಾದುಹೋಗುತ್ತಿದ್ದ ರೈಲಿನ ಕೊನೆಯ ಎರಡು ಗಾಡಿಗಳ ಕಿಟಕಿಗಳ ಮೂಲಕ, ಕೊಲೆಯನ್ನು ಕಣ್ಣಾರೆ ಕಂಡುದಾಗಿ ನುಡಿಯುತ್ತಾಳೆ. ಹುಡುಗನಾದರೋ ಆ ವೇಳೆಯಲ್ಲಿ ಸಿನಿಮಾ ನೋಡುತ್ತಿದ್ದೆನೆನ್ನುತ್ತಾನೆ. ಆದರೆ ಅಂದಿನ ರಾತ್ರಿ ಪೋಲೀಸರು ಕೇಳಿದಾಗ ಚಿತ್ರಗಳ ಹೆಸರನ್ನು ಹೇಳಲಾರದೆ ಹೋದ. ಕಾನೂನಿನವರು ‘ಅಲಿಬಿ’ ಎನ್ನುವ ಈ ಅನ್ಯತ್ರವಾಸದ ವಾದಕ್ಕೆ ಸಹಜವಾಗಿಯೇ ಬಲ ಕಡಮೆ. ನಮ್ಮ 1872ರ ಸಾಕ್ಷ್ಯ ಅಧಿನಿಯಮವು 11ನೆಯ ಕಲಮಿನಲ್ಲಿ ಕಲ್ಕತ್ತೆಯ ಅಪರಾಧಕ್ಕೆ ಲಾಹೋರಿನ ಇರವನ್ನು ಪ್ರಸಕ್ತ ಸಂಗತಿಯೆಂದು ಒಪ್ಪಿ, ಅದನ್ನು ಸಿದ್ಧಪಡಿಸುವ ಹೊಣೆಯನ್ನು 103ನೆಯ ಕಲಮಿನಲ್ಲಿ ಹಾಗೆ ಹೇಳಿದವನ ಮೇಲೆಯೇ ಹೊರಿಸಿತ್ತು. (2024ರಲ್ಲಿ ಆ ಅಧಿನಿಯಮದ ಸ್ಥಾನಕ್ಕೆ ಹೊಸದು ಬಂದಿದೆ, ತತ್ತ್ವ ಮಾತ್ರ ಹಳೆಯದೇ.) ಆದರೂ ಅನ್ಯತ್ರವಾಸ ಸಿದ್ಧವಾಗದ ಮಾತ್ರಕ್ಕೆ ಅಪರಾಧ ಸಿದ್ಧವಾದಂತಾಗದು. ಮೊದಲ ಮತದಾನದಲ್ಲಿ ಹನ್ನೊಂದು ಮಂದಿ ಮರೆತದ್ದು ಇದನ್ನೇ.

ಹುಡುಗನು ನ್ಯಾಯಾಲಯದಲ್ಲಿ ಹೆಸರುಗಳನ್ನು ಸರಿಯಾಗಿ ಹೇಳಿದ್ದನಲ್ಲವೆ? ಬಾಯಿಪಾಠ ಮಾಡಲು ಮೂರು ತಿಂಗಳು ಸಾಲದೆ, ಎನ್ನುತ್ತಾನೆ ನಾಲ್ಕನೆಯ ಜ್ಯೂರರ್. ಸೆಕೆಯಲ್ಲಿಯೂ ಬೆವರದ ಮನುಷ್ಯ ಈತ. ಎಂಟನೆಯವನು ಇವನ ಹಿಂದಿನ ಸಂಜೆಗಳನ್ನು ಒಂದೊಂದಾಗಿ ಕೇಳುತ್ತ ಬಂದಾಗ, ಕೆಲವೇ ದಿನಗಳ ಹಿಂದೆ ಕಂಡ ಎರಡನೆಯ ಚಿತ್ರದ ಹೆಸರು ತಪ್ಪುತ್ತದೆ. ನಟರ ಹೆಸರಂತೂ ನೆನಪಿಗೆ ಬಾರದು. ಹಣೆಯಲ್ಲಿ ಬೆವರು ಮೂಡುತ್ತದೆ, ಕರವಸ್ತ್ರ ಹೊರಬರುತ್ತದೆ. ಇವನಿಗೆ ಪಕ್ಕದ ಕೋಣೆಯಲ್ಲಿ ತಂದೆಯ ಹೆಣ ಬಿದ್ದಿರಲಿಲ್ಲ. ಇಡೀ ಚಿತ್ರದಲ್ಲಿ ಇದಕ್ಕಿಂತ ಮಿಗಿಲಾದ ಸನ್ನಿವೇಶವನ್ನು ನಾವು ಕಾಣೆವು.

ಪ್ರತ್ಯಕ್ಷಸಾಕ್ಷ್ಯವನ್ನು ಮುರಿಯುವ ಪ್ರಸಂಗ ಇಷ್ಟು ಗಟ್ಟಿಯಾಗಿಲ್ಲ. ಆ ಹೆಂಗಸಿನ ಮೂಗಿನ ಇಕ್ಕೆಲದಲ್ಲಿ ಕನ್ನಡಕದ ಗುರುತಿತ್ತೆಂದು ಮುದುಕನಾದ ಒಂಬತ್ತನೆಯವನು ನೆನೆಯುತ್ತಾನೆ. ಮಲಗಿದ್ದವಳು ಕನ್ನಡಕ ಧರಿಸಿರಲಾರಳಷ್ಟೆ. ಉಳಿದವರೂ ಗುರುತನ್ನು ಕಂಡುದಾಗಿ ಹೇಳುತ್ತಾರೆ. ಆದರೆ ಆ ಕನ್ನಡಕ ದೂರದ ನೋಟಕ್ಕೋ ಓದಿಗೋ ಎಂಬುದನ್ನು ಯಾರೂ ಖಚಿತಪಡಿಸಿಕೊಳ್ಳುವುದಿಲ್ಲ. ಮೇಲಾಗಿ, ಒಬ್ಬಳ ಕಣ್ಣನ್ನು ನಂಬಬಾರದೆಂಬುದಕ್ಕೆ ಇವರು ತರುವ ಆಧಾರವೂ ಕಣ್ಣೇ! ಲೇಖಕನು ಇಲ್ಲಿ ತುಸು ಅವಸರಪಟ್ಟಿದ್ದಾನೆ. ಹೊರಗಿನಿಂದ ಚೂರಿಯನ್ನು ಕೊಂಡುತಂದು ಮೇಜಿಗೆ ಚುಚ್ಚುವುದಂತೂ ಜ್ಯೂರರನ ಕರ್ತವ್ಯವನ್ನು ಮೀರಿದ ನಡತೆ.

1986ರಲ್ಲಿ ಬಾಸು ಚಟರ್ಜಿಯವರು ಇದನ್ನು ‘ಏಕ್ ರುಕಾ ಹುವಾ ಫೈಸಲಾ’ ಎಂದು ಹಿಂದಿಗೆ ತಂದರು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಎಡೆಯೇ ಇಲ್ಲದಿದ್ದರೂ ನಮ್ಮ ಪ್ರೇಕ್ಷಕರಿಗೆ ಅದು ಅನ್ಯವೆನಿಸಲಿಲ್ಲ.

ಹುಡುಗನು ಆ ರಾತ್ರಿ ನಿಜವಾಗಿ ಸಿನಿಮಾದಲ್ಲಿದ್ದನೆ? ಕೃತಿ ಹೇಳುವುದಿಲ್ಲ. ಎಂಟನೆಯವನೂ ತನಗೆ ತಿಳಿಯದೆಂದೇ ಮಾತು ಆರಂಭಿಸುತ್ತಾನೆ. ಹನ್ನೆರಡು ಮಂದಿ ಮೆಟ್ಟಿಲಿಳಿದು ಚದುರುವಾಗಲೂ ಅದು ತಿಳಿದಿರುವುದಿಲ್ಲ.