‘ಪರಿಸ್ಥಿತಿ’ ಎಂಬ ಪದ: ನಮ್ಮ ಅನುದಿನ ಧ್ಯಾನಪುಸ್ತಕಗಳ ಕುರಿತು

ಶಿರಾಳಕೊಪ್ಪದ ಸಮೀಪದ ಒಂದು ಹಳ್ಳಿಯಲ್ಲಿ ಕಳೆದ ಮಳೆಗಾಲ ಒಂದು ಮನೆಕೂಟದಲ್ಲಿ ಭಾಗವಹಿಸಿದ್ದೆನು. ಆ ವರ್ಷ ಆ ಕಡೆ ಶುಂಠಿಗೆ ಕೊಳೆರೋಗ ತಗಲಿತ್ತು. ಕೂಟದಲ್ಲಿ ಒಡಹುಟ್ಟಿದ ಇಬ್ಬರು ಕುಳಿತಿದ್ದರು. ಕೊಳವೆಬಾವಿಯ ನೀರಿನ ಪಾಳಿಯ ವಿಷಯದಲ್ಲಿ ಅವರಿಬ್ಬರಿಗೆ ಮಾತು ನಿಂತು ಎರಡು ವರ್ಷವಾಗಿತ್ತೆಂದು ಎಲ್ಲರಿಗೂ ತಿಳಿದಿತ್ತು. ಸಭಾಪಾಲಕರು ಧ್ಯಾನಪುಸ್ತಕವನ್ನು ತೆರೆದು ಆ ದಿನದ ಪುಟವನ್ನು ಓದಿದರು. ವಚನವು 55ನೆಯ ಕೀರ್ತನೆಯ 22ನೆಯದು: ಭಾರವನ್ನು ದೇವರ ಮೇಲೆ ಹಾಕಬೇಕೆಂಬುದು. ದೃಷ್ಟಾಂತವು ಹಿಮ ಬಿದ್ದು ವಿಮಾನ ತಡವಾದ ಒಬ್ಬ ಪ್ರಯಾಣಿಕನದು. ಕೊನೆಯಲ್ಲಿ ನಾಲ್ಕು ಸಾಲಿನ ಪ್ರಾರ್ಥನೆ: ನನ್ನ ಪರಿಸ್ಥಿತಿಯಲ್ಲಿ ನನಗೆ ಸಮಾಧಾನ ದಯಪಾಲಿಸಬೇಕೆಂಬ ಬಿನ್ನಹ. ಅಣ್ಣನೂ ಆಮೆನ್ ಅಂದನು, ತಮ್ಮನೂ ಆಮೆನ್ ಅಂದನು. ಅಣ್ಣನ ‘ಪರಿಸ್ಥಿತಿ’ ತಮ್ಮನಾಗಿದ್ದನು, ತಮ್ಮನ ‘ಪರಿಸ್ಥಿತಿ’ ಅಣ್ಣನಾಗಿದ್ದನು.

ಈ ಬಗೆಯ ಪುಸ್ತಕಗಳನ್ನು ನಮ್ಮ ದೈವಶಾಸ್ತ್ರದ ತರಗತಿಗಳಲ್ಲಿ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಇದು ತಪ್ಪೆಂದು ನನ್ನ ಅಭಿಪ್ರಾಯ. ನಮ್ಮ ಸಭೆಗಳ ಬಹುಪಾಲು ಜನರು, ವಿಶೇಷವಾಗಿ ಬೆಳಗಿನ ಒಲೆ ಹಚ್ಚುವ ಮೊದಲು ಐದು ನಿಮಿಷ ಕುಳಿತುಕೊಳ್ಳುವ ತಾಯಂದಿರು, ಸತ್ಯವೇದವನ್ನು ಬಿಟ್ಟರೆ ಓದುವ ದೈವಶಾಸ್ತ್ರದ ಪುಸ್ತಕ ಇದೊಂದೇ. ಸಭಾಪಾಲಕನು ತಿಂಗಳಿಗೊಮ್ಮೆ ಬರುವ ಹಳ್ಳಿಗಳಲ್ಲಿ ಪ್ರತಿದಿನದ ಪಾಲನೆಯನ್ನು ಈ ಪುಟಗಳೇ ನಡಿಸುತ್ತವೆ. ಆದಕಾರಣ ಇವುಗಳನ್ನು ಹಗುರವಾಗಿ ನಗೆಯಾಡುವುದಕ್ಕೆ ನಾನು ಸಿದ್ಧನಲ್ಲ. ಆದರೆ ಅವು ಕಲಿಸುವ ಪ್ರಾರ್ಥನೆ ಎಂಥದೆಂದು ಕೇಳಲೇಬೇಕು.

ಆ ಸಂಜೆಯ ವಚನದಿಂದಲೇ ಪ್ರಾರಂಭಿಸೋಣ. 55ನೆಯ ಕೀರ್ತನೆಯನ್ನು ಮೊದಲಿನಿಂದ ಓದುವವನು ಪಾರಿವಾಳದಂತೆ ಹಾರಿಹೋಗಬೇಕೆಂದು ಹಂಬಲಿಸುವ ಒಬ್ಬ ಮನುಷ್ಯನನ್ನು ಎದುರುಗೊಳ್ಳುತ್ತಾನೆ. ಅವನ ಊರಿನ ಪೇಟೆಯಲ್ಲಿ ಮೋಸವಿದೆ, ಬೀದಿಯಲ್ಲಿ ಜಗಳವಿದೆ. ಆದರೆ ಅವನನ್ನು ಮುರಿದದ್ದು ಅವೊಂದೂ ಅಲ್ಲ. ತನ್ನ ಸಂಗಡ ದೇವಾಲಯಕ್ಕೆ ನಡೆದುಬಂದ ಆಪ್ತನೇ ತನಗೆ ವಿರುದ್ಧವಾಗಿ ನಿಂತಿದ್ದಾನೆ. ಅವನ ಮಾತು ಬೆಣ್ಣೆಯಷ್ಟು ನುಣುಪು, ಒಳಗೆ ಯುದ್ಧ. ಕೀರ್ತನೆಗಾರನು ಸಂಜೆ, ಮುಂಜಾನೆ, ಮಧ್ಯಾಹ್ನ ದೇವರ ಮುಂದೆ ಗೋಳಿಡುತ್ತಾನೆ. ಅನುದಿನ ಧ್ಯಾನ ಎಂಬುದಕ್ಕೆ ಸತ್ಯವೇದದಲ್ಲಿ ಆಧಾರ ಹುಡುಕುವವರು ಈ 17ನೆಯ ವಚನವನ್ನು ಗಮನಿಸಲಿ: ಇಲ್ಲಿ ದಿನಕ್ಕೆ ಮೂರು ಸಾರಿ ನಡೆಯುವುದು ಮನಸ್ಸಿನ ಸಮಾಧಾನವಲ್ಲ, ದೂರು. ಅಷ್ಟಾದ ಮೇಲೆಯೇ, ಆಪ್ತನ ದ್ರೋಹವನ್ನು ಎರಡನೆಯ ಸಾರಿ ವಿವರಿಸಿದ ಕೂಡಲೇ, 22ನೆಯ ವಚನ ಬರುತ್ತದೆ.

ನಮ್ಮ ಸತ್ಯವೇದದಲ್ಲಿ ಆ ವಚನದ ಪದ ‘ಚಿಂತಾಭಾರ’. ಮೂಲದ ಹೀಬ್ರೂ ಪದವು ಇಡೀ ಹಳೆಯ ಒಡಂಬಡಿಕೆಯಲ್ಲಿ ಈ ಒಂದೇ ಸ್ಥಳದಲ್ಲಿ ಬರುತ್ತದೆ. ಕೊಡಲ್ಪಟ್ಟದ್ದು, ಪಾಲಿಗೆ ಬಂದದ್ದು ಎಂಬ ಅರ್ಥವನ್ನು ಅನೇಕ ಪಂಡಿತರು ಅದಕ್ಕೆ ಹೇಳುತ್ತಾರೆ. ಚಿಂತೆ ಎಂಬ ಅರ್ಥ ಗ್ರೀಕ್ ಭಾಷಾಂತರದಿಂದ ಬಂದದ್ದು. ಅದು ಅಪಾರ್ಥವೆಂದು ನಾನು ಹೇಳುವುದಿಲ್ಲ, 1 ಪೇತ್ರ 5:7 ಅದನ್ನೇ ಅನುಸರಿಸುತ್ತದೆ. ಆದರೆ ‘ಚಿಂತೆ’ ಎಂದಾಕ್ಷಣ ಭಾರವು ಎದೆಯೊಳಗೆ ಸೇರಿಬಿಡುತ್ತದೆ. ‘ಪಾಲು’ ಎಂದರೆ ಅದು ಹೊರಗಡೆಯೇ ಉಳಿಯುತ್ತದೆ: ಹೊಲದ ಬದುವಿನಲ್ಲಿ, ನೀರಿನ ಪಾಳಿಯಲ್ಲಿ, ಅಣ್ಣತಮ್ಮಂದಿರ ನಡುವೆ. ಧ್ಯಾನಪುಸ್ತಕವು 12ರಿಂದ 14ರವರೆಗಿನ ವಚನಗಳನ್ನು ಬಿಟ್ಟು 22ನ್ನು ಮಾತ್ರ ಕತ್ತರಿಸಿ ಕೊಟ್ಟಾಗ ಮಾಯವಾಗುವುದು ಸಂದರ್ಭವಷ್ಟೇ ಅಲ್ಲ. ಎದುರಿನ ಮನುಷ್ಯನೇ ಮಾಯವಾಗುತ್ತಾನೆ.

ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯಕ್ಕೂ ಇದೇ ಗತಿ. ಯಾವ ವಿಷಯದಲ್ಲಿಯೂ ಚಿಂತಿಸಬಾರದೆಂಬ 6ನೆಯ ವಚನವನ್ನು ಅರಿಯದ ಕ್ರೈಸ್ತ ಮನೆಯಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿಯೂ ಅದು ಇರುತ್ತದೆ. ಅದಕ್ಕೆ ನಾಲ್ಕೇ ವಚನ ಹಿಂದೆ ಪೌಲನು ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರನ್ನು ಹೆಸರುಹಿಡಿದು ಕರೆದು, ಒಮ್ಮನಸ್ಸಾಗಿರಿ ಎಂದು ಬೇಡಿಕೊಂಡಿದ್ದಾನೆ. ಸಭೆಯ ಮುಂದೆ ಓದಲ್ಪಡುವ ಪತ್ರದಲ್ಲಿ ಇಬ್ಬರ ಜಗಳವನ್ನು ಹೆಸರುಸಹಿತ ಬರೆಯುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಅಷ್ಟೇ ಅಲ್ಲ, ಮೂರನೆಯವನೊಬ್ಬನನ್ನು ಕರೆದು ಅವರಿಗೆ ಸಹಾಯಮಾಡು ಎನ್ನುತ್ತಾನೆ. ಗ್ರೀಕ್ ಪದವನ್ನು ಅಕ್ಷರಶಃ ಹೇಳುವುದಾದರೆ ಆತನು ಒಂದೇ ನೊಗಕ್ಕೆ ಹೆಗಲು ಕೊಟ್ಟವನು. ಎತ್ತು ಕಟ್ಟಿ ಬಲ್ಲ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬುದ್ಧಿಯನ್ನು ಮೀರಿದ ದೇವಶಾಂತಿಯ ವಾಗ್ದಾನವು ಈ ಮೂವರ ಬೆನ್ನಿಗೇ ಬರುತ್ತದೆ.

ಎಲ್ಲಕ್ಕಿಂತ ಅಪಾಯಕರವಾದ ಕತ್ತರಿಯು 1 ಪೇತ್ರ 3ನೆಯ ಅಧ್ಯಾಯದ ಮೇಲೆ ಬೀಳುತ್ತದೆ. ಹೆಂಡತಿಯ ಅಧೀನತೆಯನ್ನು ಹೇಳುವ 1ನೆಯ ವಚನಕ್ಕೆ ಕುಟುಂಬದ ಧ್ಯಾನಗಳಲ್ಲಿ ಪುಟ ಸಿಗುತ್ತದೆ. ಹೆಂಡತಿಗೆ ಮಾನಸಲ್ಲಿಸದ ಗಂಡನ ಪ್ರಾರ್ಥನೆಗಳಿಗೆ ಅಡ್ಡಿಯಾಗುವುದೆಂಬ 7ನೆಯ ವಚನವು ಪ್ರಾರ್ಥನೆಯ ಕುರಿತೇ ಇರುವ ವಚನವಾಗಿದ್ದರೂ, ನಾನು ಓದಿದ ಪ್ರಾರ್ಥನಾಪುಸ್ತಕಗಳಲ್ಲಿ ಅದು ಕಾಣಲಿಲ್ಲ. ಹೊಡೆತ ತಿಂದ ಸ್ತ್ರೀಯು ಬೆಳಿಗ್ಗೆ ಆ ಪುಟವನ್ನು ತೆರೆದು ತಾಳ್ಮೆಗಾಗಿ ಪ್ರಾರ್ಥಿಸುವಾಗ, ಆಕೆಯ ಬಾಯಿಗೆ ಆ ಪ್ರಾರ್ಥನೆಯನ್ನು ಇಟ್ಟವರು ನಾವೇ. ಇದರ ಲೆಕ್ಕವನ್ನು ನಾವು ಒಪ್ಪಿಸಬೇಕಾಗುವುದು.

ಈ ಸಾಹಿತ್ಯಪ್ರಕಾರವು ಹುಟ್ಟಿನಿಂದಲೇ ಹೀಗಿರಲಿಲ್ಲ. ಸಾಕ್ಸನಿಯ ಹೆರ್ನ್‌ಹೂಟಿನಲ್ಲಿ ನಿರಾಶ್ರಿತರ ಸಮುದಾಯವು ಒಳಜಗಳದಿಂದ ಒಡೆದುಹೋಗುವ ಹಂತದಲ್ಲಿತ್ತು. 1727ರ ಆಗಸ್ಟ್ 13ರ ಕರ್ತನ ಭೋಜನದಲ್ಲಿ ಅವರು ಮತ್ತೆ ಒಂದಾದರು. ಮರುವರ್ಷ, 1728ರಲ್ಲಿ, ಜಿನ್ಸೆಂಡಾರ್ಫನು ದಿನಕ್ಕೊಂದು ವಚನವನ್ನು ಕೊಡುವ ಪದ್ಧತಿಯನ್ನು ಆರಂಭಿಸಿದನು; 1731ರಿಂದ ಅದು ಅಚ್ಚಾಗಿ ಬರುತ್ತಿದೆ. ಮೊದಲಲ್ಲಿ ಪುಸ್ತಕವಿರಲಿಲ್ಲ. ಒಬ್ಬ ಸಹೋದರನು ಆ ವಚನವನ್ನು ಮನೆಮನೆಗೆ ಒಯ್ಯುತ್ತಿದ್ದನು. ಒಯ್ಯುವವನು ಮನೆಯೊಳಗೆ ಕಾಲಿಟ್ಟಾಗ ಅಲ್ಲಿಯ ಮುಖಗಳನ್ನೂ ನೋಡುತ್ತಿದ್ದನಲ್ಲವೇ? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ಇದೇ ಭಕ್ತಿಪಂಥದ ಬಂಧುಗಳು. ಅವರಿಂದ ನಮಗೆ ಪುಸ್ತಕ ಬಂದಿತು, ಕಾಲಾನುಕ್ರಮದಲ್ಲಿ ಒಯ್ಯುವವನು ಇಲ್ಲವಾದನು. ಮುಂದೆ ನಾವು ಅನುಕರಿಸಿದ ಇಂಗ್ಲಿಷ್ ಮಾದರಿಗಳ ವಿಷಯವೂ ಸ್ವಲ್ಪ ಹೀಗೆಯೇ. ಆಸ್ವಾಲ್ಡ್ ಚೇಂಬರ್ಸನ 1927ರ ಪ್ರಸಿದ್ಧ ಗ್ರಂಥವು ಅವನು ಬರೆದದ್ದಲ್ಲ; ವಿದ್ಯಾರ್ಥಿಗಳಿಗೂ ಈಜಿಪ್ಟಿನ ಸೈನಿಕರಿಗೂ ಅವನು ಆಡಿದ ಮಾತುಗಳನ್ನು ಅವನ ಮರಣಾನಂತರ ಪತ್ನಿಯು ತನ್ನ ಶೀಘ್ರಲಿಪಿಯ ಟಿಪ್ಪಣಿಗಳಿಂದ ದಿನಗಳಿಗೆ ಹಂಚಿ ಜೋಡಿಸಿದಳು. ಮುಖಾಮುಖಿಯಾಗಿ ಆಡಿದ ಮಾತಿನ ಬಿಸಿ ಅಲ್ಲಿ ಇನ್ನೂ ಉಳಿದಿದೆ. ಅದರ ಅನುಕರಣೆಗಳಲ್ಲಿ ಉಳಿದಿಲ್ಲ.

ಭಾಷೆಯ ವಿಷಯದಲ್ಲಿ ಒಂದು ಮಾತು. ಶಿರಾಳಕೊಪ್ಪದ ನೆರೆಯಲ್ಲೇ ಉಡುತಡಿ ಇದೆ, ಬಳ್ಳಿಗಾವಿ ಇದೆ. ಅಕ್ಕಮಹಾದೇವಿಯ ಮತ್ತು ಅಲ್ಲಮನ ನೆಲವಿದು. ಶರಣರ ದೈವಶಾಸ್ತ್ರ ನಮ್ಮದಲ್ಲ, ಆ ಚರ್ಚೆಗೆ ಇದು ಸ್ಥಳವೂ ಅಲ್ಲ. ಆದರೆ ಅಕ್ಕನ ಭಕ್ತಿಯಲ್ಲಿ ಅವಳು ತೊರೆದ ಅರಸನ ನೆರಳು ಮುಚ್ಚಿಹೋಗಿಲ್ಲ. ಹೆಚ್ಚಾಗಿ ಅಕ್ಕಿ ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತರಾಟೆಗೆ ತೆಗೆದುಕೊಂಡದ್ದು ಭಕ್ತಿಯ ಮಾತಾಗಿಯೇ ಉಳಿದಿದೆ. ಈ ಕನ್ನಡದಲ್ಲಿ ಗಂಡಹೆಂಡಿರ ಜಗಳವೂ ದೇವರ ಮುಂದೆ ನಡೆಯಬಲ್ಲದು. ನಮ್ಮ ಧ್ಯಾನಬರಹಗಾರರು ಮಾತ್ರ ‘ಬಲಪಡಿಸು’, ‘ಮಾರ್ಗದರ್ಶನ ಮಾಡು’ ಎಂಬ ಭಾಷಾಂತರದ ಕನ್ನಡವನ್ನು ಬಿಟ್ಟು ಹೊರಬರುವುದಿಲ್ಲ. ಶುಂಠಿಯ ಕೊಳೆಗೂ ಕೈಸಾಲಕ್ಕೂ ಅತ್ತೆಸೊಸೆಯರ ಮೌನಕ್ಕೂ ಅಲ್ಲಿ ಪದವಿಲ್ಲ.

ಸಮಾಧಾನ ಬೇಡವೆಂದು ನಾನು ವಾದಿಸುತ್ತಿಲ್ಲ. ಜಗಳದ ನಡುವೆ ನಿದ್ರೆ ಬಾರದವನಿಗೆ ಒಂದು ರಾತ್ರಿಯ ನಿದ್ರೆಯೂ ಕೃಪೆಯೇ. ಆದರೆ ಯಜ್ಞವೇದಿಯ ಮುಂದೆ ಕಾಣಿಕೆ ಬಿಟ್ಟು ಸಹೋದರನ ಬಳಿಗೆ ಹೋಗೆಂದು ಮತ್ತಾಯ 5ರಲ್ಲಿ ಆಜ್ಞಾಪಿಸಿದ ಕರ್ತನು, ಕಾಣಿಕೆ ಅರ್ಪಿಸುತ್ತಲೇ ಸಹೋದರನನ್ನು ಮರೆಯುವ ವಿಧಾನವನ್ನು ಕಲಿಸಲಿಲ್ಲ.

ಆ ಸಂಜೆ ಸಭಾಪಾಲಕರು ಧ್ಯಾನಪುಸ್ತಕವನ್ನು ಮುಚ್ಚಿ, ಏನು ತೋರಿತೋ, ಕೀರ್ತನೆಯನ್ನು ಮೊದಲ ವಚನದಿಂದ ಓದಿದರು. 13ನೆಯ ವಚನಕ್ಕೆ ಬಂದಾಗ ಅಣ್ಣನು ಎದ್ದು ಅಂಗಳಕ್ಕೆ ಹೋದನು. ಆಮೇಲೆ ಇಬ್ಬರು ಹಿರಿಯರನ್ನು ಕರೆದುಕೊಂಡು ಸಭಾಪಾಲಕರು ಎರಡು ಮನೆಗಳಿಗೂ ಹಲವು ಸಾರಿ ಹೋಗಿಬಂದಿದ್ದಾರೆ. ನಾನು ಇದನ್ನು ಬರೆಯುವ ಹೊತ್ತಿಗೂ ನೀರಿನ ಪಾಳಿ ಇತ್ಯರ್ಥವಾಗಿಲ್ಲ. ಆದರೆ ತಮ್ಮನು ಈಗ ಕೂಟದಲ್ಲಿ ಪ್ರಾರ್ಥಿಸುವಾಗ ‘ಪರಿಸ್ಥಿತಿ’ ಎನ್ನುವುದಿಲ್ಲವಂತೆ. ಅಣ್ಣನ ಹೆಸರನ್ನೇ ಹೇಳುತ್ತಾನೆ, ಕೆಲವೊಮ್ಮೆ ಕೋಪದಿಂದ.