ಓಲೆಗರಿ, ಅಚ್ಚಿನ ಪುಟ, ಗಾಜಿನ ತೆರೆ: ಶಾಸ್ತ್ರಗ್ರಂಥವಾಚನವನ್ನು ಕುರಿತ ಒಂದು ವಿಮರ್ಶೆ

ಗ್ರಂಥದ ಪಾಠವೇ ಬೇರೆ, ಅದನ್ನು ಹೊತ್ತಿರುವ ವಸ್ತುವೇ ಬೇರೆ ಎಂಬ ಭಾವನೆ ಸಾಮಾನ್ಯವಾಗಿದೆ. ಓಲೆಯಲ್ಲಿದ್ದರೇನು, ಕಾಗದದಲ್ಲಿದ್ದರೇನು, ಅಕ್ಷರಗಳು ಅವೇ ಅಲ್ಲವೆ ಎಂದು ಕೇಳುವವರುಂಟು. ಈಚೆಗೆ ಟ್ಯಾಬ್ಲೆಟ್ಟಿನ ತೆರೆಯ ಮೇಲೆ ಓದುವ ರೂಢಿಯು ವಿದ್ವಾಂಸರಲ್ಲಿಯೂ ಹಬ್ಬಿರುವುದರಿಂದ ಈ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಬೇಕಾಗಿದೆ. ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಇದು ಕೇವಲ ಅನುಕೂಲತೆಯ ವಿಷಯವಲ್ಲ. ಪಾಠನಿರ್ಣಯಕ್ಕೆ ಸಂಬಂಧಿಸಿದ ವಿಷಯ.

ತೆರೆಯ ಓದನ್ನೂ ಕಾಗದದ ಓದನ್ನೂ ಹೋಲಿಸಿ ನಡೆಸಿದ ಪ್ರಯೋಗಗಳು ಹಲವು. ನಾರ್ವೆಯ ಆನ್ ಮಾಂಗೆನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತನೆಯ ತರಗತಿಯ 72 ವಿದ್ಯಾರ್ಥಿಗಳ ಪೈಕಿ ಅಚ್ಚಿನ ಹಾಳೆಯಲ್ಲಿ ಓದಿದವರ ಗ್ರಹಿಕೆಯು ಗಣಕದ ತೆರೆಯಲ್ಲಿ ಓದಿದವರ ಗ್ರಹಿಕೆಗಿಂತ ಮೇಲಾಗಿತ್ತು. ಸ್ಪೇನಿನ ಪಾಬ್ಲೊ ಡೆಲ್ಗಾಡೊ ಮೊದಲಾದವರು 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಇದೇ ನಿರ್ಣಯಕ್ಕೆ ಬಂದರು. ಅವರ ಎರಡು ಮಾತುಗಳು ವಿಶೇಷವಾಗಿ ಗಮನಾರ್ಹವಾಗಿವೆ. ಕಥೆಯನ್ನು ಓದುವಾಗ ಈ ವ್ಯತ್ಯಾಸ ಕಾಣಲಿಲ್ಲ. ವಿಷಯನಿರೂಪಣೆಯ ಗದ್ಯದಲ್ಲಿ ಕಂಡಿತು. ಕಾಲದ ಒತ್ತಡವಿದ್ದಾಗ ವ್ಯತ್ಯಾಸ ಇನ್ನೂ ಹೆಚ್ಚಿತು. ಈ ಪ್ರಯೋಗಗಳು ಪ್ರಾಚೀನ ಗ್ರಂಥಗಳನ್ನು ಕುರಿತವಲ್ಲ. ಆದರೂ ಸೂತ್ರ, ಟೀಕೆ, ಪಾಠಾಂತರಗಳನ್ನು ಒಟ್ಟಿಗೆ ಹಿಡಿದು ಓದಬೇಕಾದ ಶಾಸ್ತ್ರಗ್ರಂಥವು ಕಥೆಗಿಂತ ವಿಷಯನಿರೂಪಣೆಯ ಗದ್ಯಕ್ಕೇ ಹತ್ತಿರವಾದುದು ಎಂಬುದರಲ್ಲಿ ಸಂದೇಹವಿಲ್ಲ.

ಓಲೆಗರಿಯ ಕಟ್ಟನ್ನು ಬಿಚ್ಚಿದವರಿಗೆ ಇದರ ಕಾರಣ ಸುಲಭವಾಗಿ ಹೊಳೆಯುತ್ತದೆ. ಗರಿಯ ಅಂಚಿನಲ್ಲಿ ಅಂಕಿಯಿರುತ್ತದೆ. ದಾರದ ರಂಧ್ರದ ಸುತ್ತ ಲಿಪಿಕಾರನು ಜಾಗ ಬಿಟ್ಟಿರುತ್ತಾನೆ. ಓದಿದ ಗರಿಗಳು ಒಂದು ಕಡೆ, ಓದಬೇಕಾದವು ಇನ್ನೊಂದು ಕಡೆ. ಒಂದು ಮಾತು ಗ್ರಂಥದ ಯಾವ ಭಾಗದಲ್ಲಿ, ಗರಿಯ ಯಾವ ಮಗ್ಗುಲಲ್ಲಿ ಇತ್ತೆಂಬುದನ್ನು ಕಣ್ಣೂ ಕೈಯೂ ಕೂಡಿ ನೆನಪಿಡುತ್ತವೆ. ಅಚ್ಚಿನ ಪುಸ್ತಕವು ಈ ಗುಣವನ್ನು ಬೇರೊಂದು ರೀತಿಯಲ್ಲಿ ಉಳಿಸಿಕೊಂಡಿತು. ಅಕ್ಷರದ ಗಾತ್ರಕ್ಕೆ ತಕ್ಕಂತೆ ಸಾಲುಗಳು ಸರಿದುಕೊಳ್ಳುವ ತೆರೆಯ ಪಾಠದಲ್ಲಾದರೋ ಮಾತಿಗೆ ನೆಲೆಯೇ ಇಲ್ಲ.

ನೆಲೆ ತಪ್ಪಿದರೆ ಏನಾಗುವುದೆಂಬುದಕ್ಕೆ ಷಟ್ಖಂಡಾಗಮದ ಇತಿಹಾಸವೇ ನಿದರ್ಶನ. ವೀರಸೇನಾಚಾರ್ಯರ ಧವಲಾ ಟೀಕೆಯೊಡನೆ ಈ ಆಗಮವನ್ನು ಕಾಪಾಡಿದ್ದು ಮೂಡಬಿದಿರೆಯ ತಾಡಪತ್ರಗಳು; ಅವುಗಳ ಲಿಪಿ ಹಳಗನ್ನಡ, ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 16 ಸಂಪುಟಗಳಾಗಿ ಬಂದ ಆವೃತ್ತಿಯ ಮೊದಲ ಸಂಪುಟವು 1939ರಲ್ಲಿ ಅಮರಾವತಿಯಿಂದ ಹೊರಬಂದಾಗ ಸಂಪಾದಕರಿಗೆ ಆಧಾರವಾಗಿದ್ದುದು ಮೂಲವಲ್ಲ, ಪ್ರತಿಗಳ ಪ್ರತಿಗಳು. ಆ ಸಂಪುಟದ 93ನೆಯ ಸೂತ್ರವು ಮಾನುಷಿಯರ ಗುಣಸ್ಥಾನಗಳನ್ನು ಕುರಿತದ್ದು. ಅದರಲ್ಲಿ ‘ಸಂಜದಾಸಂಜದ’ ಎಂಬುದರ ಮುಂದೆ ‘ಸಂಜದ’ ಎಂಬ ಪದವಿರಬೇಕೆಂದು ಸಂಪಾದಕರಿಗೆ ತೋರಿತು. ದೊರೆತ ಪ್ರತಿಗಳಲ್ಲಿ ಅದು ಇರಲಿಲ್ಲವಾದ್ದರಿಂದ ಸೂತ್ರದಲ್ಲಿ ಸೇರಿಸದೆ, ತಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪದವು ಸ್ತ್ರೀಯ ಸಂಯಮದ ಪ್ರಶ್ನೆಗೆ ತಾಗುವುದರಿಂದ ವಿದ್ವಾಂಸರಲ್ಲಿ ತೀವ್ರವಾದ ವಾದವೆದ್ದಿತು. ಕೊನೆಗೆ ಮೂಡಬಿದಿರೆಯ ತಾಡಪತ್ರದಲ್ಲಿ ಆ ಪದವು ಇದ್ದುದು ಕಂಡುಬಂದಿತು. ಒಂದೇ ಬಗೆಯ ಅಕ್ಷರಗಳು ಮರುಕಳಿಸಿದಾಗ ಲಿಪಿಕಾರನ ಕಣ್ಣು ಜಾರುವುದು ಹಸ್ತಪ್ರತಿಗಳಲ್ಲಿ ಚಿರಪರಿಚಿತವಾದ ದೋಷ.

ಈ ಪ್ರಸಂಗದಲ್ಲಿ ಸತ್ಯವನ್ನು ಹೊತ್ತು ನಿಂತದ್ದು ಪುಟದ ಅಡಿಯಲ್ಲಿದ್ದ ಒಂದು ಸಣ್ಣ ಸಾಲು. ಓದುಗನ ಕಣ್ಣು ಸೂತ್ರದಿಂದ ನೇರವಾಗಿ ಅದರ ಮೇಲೆ ಬೀಳುವಂತಿತ್ತು. ಇಂಥ ಗ್ರಂಥವನ್ನು ತೆರೆಯ ಪಾಠವಾಗಿ ಮಾರ್ಪಡಿಸುವಾಗ ಅಡಿಟಿಪ್ಪಣಿಯನ್ನು ಅಧ್ಯಾಯದ ಕೊನೆಗೆ ತಳ್ಳುವುದೂ ಕೆಲವೊಮ್ಮೆ ಬಿಟ್ಟೇಬಿಡುವುದೂ ಉಂಟು. ಆಗ ಉಳಿಯುವುದು ಸಂದೇಹವಿಲ್ಲದ, ಆದುದರಿಂದಲೇ ಸಂದೇಹಾಸ್ಪದವಾದ ಪಾಠ. ಪಾಠಾಂತರಗಳಿಲ್ಲದ ಆಗಮವನ್ನು ಓದಿ ಬೆಳೆದ ವಿದ್ಯಾರ್ಥಿಯು ಸಂಪಾದಕನ ನಿರ್ಣಯವನ್ನೇ ಮೂಲಕರ್ತೃವಿನ ಮಾತೆಂದು ಭ್ರಮಿಸುವನು.

ಹಾಗೆಂದು ತೆರೆಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಮುಟ್ಟಿದರೆ ಮುರಿಯುವ ಗರಿಯನ್ನು ಅದರ ಛಾಯಾಚಿತ್ರದಲ್ಲಿ ನೂರು ಬಾರಿ ನೋಡಬಹುದು. ಮಸಿ ಮಾಸಿದ ಕೊರೆತವನ್ನು ಹಿಗ್ಗಿಸಿ, ಹುಳು ಕೊರೆದ ರಂಧ್ರವನ್ನು ಅಕ್ಷರದ ಗೆರೆಯಿಂದ ಬೇರ್ಪಡಿಸಿ ತಿಳಿಯಬಹುದು. ಮೂಲವು ನೂರಾರು ಹರದಾರಿ ದೂರದಲ್ಲಿದ್ದ ಕಾರಣದಿಂದಲೇ ಹಿಂದಿನ ಸಂಪಾದಕರು ಪ್ರತಿಗಳ ಪ್ರತಿಗಳನ್ನು ನಂಬಬೇಕಾಯಿತು. ಅಂದು ಇಂಥ ಚಿತ್ರವೊಂದು ಕೈಯಲ್ಲಿದ್ದಿದ್ದರೆ ‘ಸಂಜದ’ ಪದದ ವಾದವು ಬೇಗನೆ ಇತ್ಯರ್ಥವಾಗುತ್ತಿತ್ತು.

ಆದರೆ ಗರಿಯ ಚಿತ್ರ ಬೇರೆ, ಅಕ್ಷರಗಳನ್ನು ಮತ್ತೆ ಜೋಡಿಸಿದ ಪಾಠ ಬೇರೆ. ಎರಡನೆಯದು ಇನ್ನೊಬ್ಬ ಲಿಪಿಕಾರನ ಪ್ರತಿಯೇ ಸರಿ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ೞಕಾರವನ್ನು ಳಕಾರವಾಗಿ ಜೋಡಿಸಿದ ಪಾಠದಲ್ಲಿ ಪದವನ್ನು ಹುಡುಕುವವನಿಗೆ ಇವೆರಡೂ ಒಂದೇ ಆಗಿ ಕಾಣುತ್ತವೆ. ಯೂನಿಕೋಡ್ ಸಂಕೇತಾವಳಿಯಲ್ಲಿ ೞಕಾರಕ್ಕೆ ಸ್ಥಾನವಿದ್ದರೂ ಅದರ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಆ ತಪ್ಪು ಹಾಗೆಯೇ ನಿಂತಿದೆ. ಲಿಪಿಕಾರನ ದೋಷಗಳು ಓಲೆಯೊಂದಿಗೆ ಮುಗಿದವೆಂದು ತಿಳಿಯುವುದು ಸರಿಯಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಒಟ್ಟಿನಲ್ಲಿ, ಮೂಲವನ್ನು ಪರೀಕ್ಷಿಸಲು ತೆರೆಯೂ, ಗ್ರಂಥವನ್ನು ಆದ್ಯಂತವಾಗಿ ಮನನಮಾಡಲು ಅಚ್ಚಿನ ಪುಟವೂ ಹೆಚ್ಚು ಯೋಗ್ಯವೆಂದು ಹೇಳಬಹುದು. ಆಗಮಗ್ರಂಥಗಳನ್ನು ತೆರೆಗೆ ತರುವ ಸಂಸ್ಥೆಗಳು ಮೂರು ನಿಯಮಗಳನ್ನು ಪಾಲಿಸುವುದು ಅವಶ್ಯಕ. ಜೋಡಿಸಿದ ಪಾಠದ ಪಕ್ಕದಲ್ಲಿ ಗರಿಯ ಅಥವಾ ಪುಟದ ಚಿತ್ರವಿರಬೇಕು. ಪಾಠಾಂತರಗಳು ಆಯಾ ಸೂತ್ರದ ಕೆಳಗೇ ಕಾಣಬೇಕು. ಯಾವ ಆವೃತ್ತಿಯನ್ನು ಅನುಸರಿಸಿದೆಯೆಂಬುದು ಪ್ರತಿ ಪುಟದಲ್ಲಿಯೂ ನಮೂದಾಗಿರಬೇಕು. ಇಷ್ಟು ನಡೆದರೆ ಮುಂದಿನ ಸಂಪಾದಕನಿಗೆ ಸಂದೇಹಪಡುವ ಅವಕಾಶವೂ, ಆ ಸಂದೇಹವನ್ನು ಪರಿಹರಿಸಿಕೊಳ್ಳುವ ಸಾಧನವೂ ಒಟ್ಟಿಗೆ ದೊರೆಯುವುವು.