ಮೋಡದ ಚಿತ್ರವೇ? ಮೊದಲು ನೆಲ ನೋಡಿ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆ ಮಳೆ ಹೊಳವಾದ ಮಾರನೆಯ ದಿನ ಕಡುನೀಲಿ ಆಕಾಶ, ಗುಡ್ಡೆಗುಡ್ಡೆ ಬಿಳಿ ಮೋಡ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಹಾಗೇ ಕ್ಲಿಕ್ಕಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ. ಫಿಲ್ಮಿಗೆ ನೀಲಿಯ ಮೇಲೆ ನಮ್ಮ ಕಣ್ಣಿಗಿಂತ ಹೆಚ್ಚು ಒಲವು. ಹಳದಿ, ಕಿತ್ತಳೆ, ಕೆಂಪು ಫಿಲ್ಟರ್‌ಗಳು ಆ ನೀಲಿಯನ್ನು ತಡೆಯುತ್ತವೆ, ಹಿಂದಿನ ಆಕಾಶ ಕಪ್ಪಾಗುತ್ತದೆ, ಮೋಡ ಎದ್ದು ನಿಲ್ಲುತ್ತದೆ. ಮೋಡಕ್ಕೆ ಸೇರಿದ್ದು ಏನೂ ಇಲ್ಲ.

ಆಕಾಶದ ಈ ಸಾಲವನ್ನು ತೀರಿಸುವುದು ನೆಲ. ಹಾಗಾಗಿ ಸಿ. ರಾಜಗೋಪಾಲ್, ಟಿ. ಕಾಶೀನಾಥ್ ಅವರಂಥ ಬೆಂಗಳೂರಿನ ಹಿರಿಯ ಛಾಯಾಗ್ರಾಹಕರ ಚಿತ್ರಗಳ ಮುಂದೆ ನಿಂತಾಗಲೂ ಮೊದಲು ಕೆಳಗೆ ನೋಡಿ. ಹಳದಿ ಫಿಲ್ಟರ್ ಸಾಧು: ಬೇಡುವುದು ಒಂದು ಸ್ಟಾಪ್ ಬೆಳಕು, ತೆಂಗಿನ ಗರಿಗಳ ಹಸಿರು ಉಳಿಯುತ್ತದೆ. ಕೆಂಪಿಗೆ ಮೂರು ಸ್ಟಾಪ್ ಬೇಕು. ಅದನ್ನು ಹಾಕಿದರೆ ನಮ್ಮ ಕೆಮ್ಮಣ್ಣು, ನಾಡಹೆಂಚು ಬೆಳ್ಳಗಾಗುತ್ತವೆ, ತೆಂಗಿನ ತೋಟ ಮಾತ್ರ ಮಸಿ. ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದಲೇ ಆದ್ದರಿಂದ ಮರದಡಿಯ ದನವೂ ಕಾಣದಂತಾಗುತ್ತದೆ.

ಹಾಗೆಂದು ಕೆಂಪು ಕೆಟ್ಟದ್ದಲ್ಲ. 1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿಯಲ್ಲಿ ಆನ್ಸೆಲ್ ಆಡಮ್ಸ್ ಹಾಫ್ ಡೋಮ್ ಬಂಡೆಯನ್ನು ಹಳದಿ ಫಿಲ್ಟರ್‌ನಲ್ಲಿ ತೆಗೆದು, ಸಮಾಧಾನವಾಗದೆ ಕೊನೆಯ ಪ್ಲೇಟಿಗೆ ಕಡುಗೆಂಪು ಹಾಕಿದರು. ಆಕಾಶ ಕಗ್ಗತ್ತಲಾಯಿತು. ಅಲ್ಲಿದ್ದದ್ದು ಬೋಳು ಕಲ್ಲು, ಹಿಮ. ಕಪ್ಪಾಗಿ ಕೆಡಲು ಹೆಚ್ಚು ಹಸಿರಿರಲಿಲ್ಲ. ನಮ್ಮ ಹುತ್ರಿದುರ್ಗದ ಬಂಡೆಗೆ ಆ ಉಪಾಯ ಒಪ್ಪೀತು, ಕೆಳಗಿನ ತೋಟಕ್ಕೆ ಹಳದಿಯೇ ಸರಿ ಎಂಬುದು ನನ್ನ ಪಕ್ಷಪಾತ.

ಬಣ್ಣದ ಚಿತ್ರದಲ್ಲಿ ಈ ಗಾಜುಗಳಿಗೆ ಕೆಲಸವಿಲ್ಲ, ಅಲ್ಲಿರುವುದು ಪೋಲರೈಸರ್. ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶವನ್ನು ಅದು ಅತಿ ಹೆಚ್ಚು ಗಾಢಗೊಳಿಸುತ್ತದೆ. ವೈಡ್ ಲೆನ್ಸ್‌ಗೆ ಹಾಕಿದರೆ ಆಕಾಶದ ಒಂದು ಪಟ್ಟಿ ಮಾತ್ರ ಕಪ್ಪು, ಅಕ್ಕಪಕ್ಕ ಪೇಲವ. ಕೆರೆ ನೀರಿನ ಹೊಳಪೂ ಸತ್ತಿದ್ದರೆ ಪೋಲರೈಸರ್ ಹಾಕಿದ್ದಾರೆಂಬ ಗುಮಾನಿ ಗಟ್ಟಿ. ಅರ್ಧ ಕಪ್ಪು, ಅರ್ಧ ತಿಳಿಯಾದ ಗ್ರಾಜುಯೇಟೆಡ್ ಫಿಲ್ಟರ್ ಬೆಟ್ಟದ ಬಳಿ ಸಿಕ್ಕಿಬೀಳುತ್ತದೆ: ಮೋಡದ ಜೊತೆ ಶಿಖರವೂ ಕಪ್ಪಿಟ್ಟಿರುತ್ತದೆ. ಕಂಪ್ಯೂಟರಿನಲ್ಲಿ ನೀಲಿಯನ್ನು ಅತಿಯಾಗಿ ಇಳಿಸಿದ್ದರೆ ಗರಿಯಂಚಿನ ಬಿಳಿ ಗೆರೆ ಹುಡುಕಿ.

ಇಷ್ಟೆಲ್ಲ ಇರುವುದು ನೀಲಿ ಇದ್ದಾಗ. ಚೈತ್ರದ ಮಬ್ಬಿಗೂ ಆಷಾಢದ ಮುಚ್ಚಿದ ಮೋಡಕ್ಕೂ ಬಣ್ಣದ ಗಾಜು ನಿಷ್ಪ್ರಯೋಜಕ. ಅಂಥ ದಿನದ ಆಕಾಶ ಚಿತ್ರದಲ್ಲಿ ನಾಟಕೀಯವಾಗಿದ್ದರೆ ತೆಗೆದವರನ್ನೇ ಕೇಳಿ, ಮೋಡ ಎಲ್ಲಿಯದೆಂದು. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಹಾಳೆಯಲ್ಲಿ ಮುದ್ರಿಸುತ್ತಿದ್ದರು.